ಅಧಿಕೃತ ರಹಸ್ಯ ಕಾಯ್ದೆಯವರಿಗೆ ಬಿನ್ನವತ್ತಳೆ

ವೇದಿಕೆಯ ಮೇಲಿರುವ ಗಣ್ಯರೇ, ಕೊನೆಯ ಸಾಲಿನಲ್ಲಿ ಮಫ್ತಿಯಲ್ಲಿ ಕುಳಿತು ನಮ್ಮೆಲ್ಲರ ಹೆಸರು ಬರೆದುಕೊಳ್ಳುತ್ತಿರುವ ಇಬ್ಬರು ಮಹನೀಯರೇ,

ಶತಾಯುಷಿಗಳೇ! ತಾವು ಜನಿಸಿದ್ದು 1923ರಲ್ಲಿ, ಬಿಳಿಯರ ಮನೆಯಲ್ಲಿ. ನೂರು ದಾಟಿದರೂ ಒಂದು ಹಲ್ಲೂ ಅಲುಗಿಲ್ಲ. ನಕ್ಷೆ, ಟಿಪ್ಪಣಿ, ದಸ್ತಾವೇಜು, ಸಂಕೇತಪದ ಎಲ್ಲವೂ ತಮ್ಮ ಹೊಟ್ಟೆಯೊಳಗಿವೆ. ‘ರಹಸ್ಯ’ ಎಂದರೇನು ಎಂಬ ವ್ಯಾಖ್ಯೆ ಮಾತ್ರ ಎಲ್ಲೂ ಸಿಗುವುದಿಲ್ಲ. ಅದೂ ರಹಸ್ಯವೇ ಇರಬೇಕು. ಒಂದು ಕಚೇರಿಯ ಟಪಾಲಿನಲ್ಲಿ ನಾನೇ ಕಂಡಿದ್ದೇನೆ: ಅರಗಿನ ಮುದ್ರೆ, ಲಕೋಟೆಯೊಳಗೆ ಲಕೋಟೆ, ಎರಡರ ಮೇಲೂ ಕೆಂಪಕ್ಷರದಲ್ಲಿ ‘ಗೋಪ್ಯ’. ಒಳಗಿದ್ದದ್ದು ಕ್ಯಾಂಟೀನಿನ ಕಾಫಿ ಬಾಕಿ.

ಸಮದರ್ಶಿಗಳೇ! ತಮ್ಮ ಐದನೇ ಕಲಮಿನಲ್ಲಿ ಕೊಟ್ಟವನಿಗೂ ಪಡೆದವನಿಗೂ ಮೂರು ವರ್ಷದವರೆಗೆ ಜೈಲು. ಬಡಿಸಿದವನಿಗೂ ಉಂಡವನಿಗೂ ಒಂದೇ ಪಂಕ್ತಿ. ‘ಬರೀ ಮೂರೇ? ಅಮೆರಿಕದವರು ಗುಪ್ತ ಕಡತ ಸೋರಿಸಿದ ಚೆಲ್ಸಿಯಾ ಮ್ಯಾನಿಂಗ್‌ಗೆ 35 ವರ್ಷ ಹಾಕಿದ್ದರಲ್ಲ’ ಎಂದು ಮೂಗು ಮುರಿಯುವವರಿಗೆ ತಮ್ಮ ಕೈಗುಣ ಗೊತ್ತಿಲ್ಲ. ತಮ್ಮ ಶಿಕ್ಷೆ ತೀರ್ಪಿಗಾಗಿ ಕಾಯುವುದಿಲ್ಲ. 2002ರ ಜೂನ್‌ನಲ್ಲಿ ದೆಹಲಿಯ ಪತ್ರಕರ್ತ ಇಫ್ತಿಕಾರ್ ಗಿಲಾನಿಯವರ ಕಂಪ್ಯೂಟರಿನಲ್ಲಿ ಕಾಶ್ಮೀರದ ಸೇನಾಬಲದ ಬಗೆಗಿನ ಬರಹವೊಂದು ಸಿಕ್ಕಿತು. ಪಾಕಿಸ್ತಾನದ ಸಂಸ್ಥೆಯೊಂದು ತಾನೇ ಅಚ್ಚು ಹಾಕಿಸಿ, ಇಂಟರ್ನೆಟ್ಟಿಗೂ ಏರಿಸಿದ್ದ ಬರಹ ಅದು. ಪಾಕಿಸ್ತಾನ ಪ್ರಕಟಿಸಿದ್ದು ಪಾಕಿಸ್ತಾನಕ್ಕೆ ತಿಳಿಯದಿರಲೆಂದು ಅವರನ್ನು ಏಳು ತಿಂಗಳು ತಿಹಾರ್‌ನಲ್ಲಿ ಇರಿಸಿದಿರಿ. 2003ರ ಜನವರಿಯಲ್ಲಿ ಸರ್ಕಾರ ಮೊಕದ್ದಮೆಯನ್ನು ವಾಪಸು ತೆಗೆದುಕೊಂಡಿತು. ಏಳು ತಿಂಗಳನ್ನು ವಾಪಸು ಕೊಡುವ ಕಲಂ ತಮ್ಮಲ್ಲಿಲ್ಲ.

ಹಾಗೆಂದು ನಿಜವಾದ ಕಳ್ಳರೇ ಇಲ್ಲವೆನ್ನಲಾರೆವು. 1985ರ ಜನವರಿಯಲ್ಲಿ ಸಿಕ್ಕಿಬಿದ್ದ ಕೂಮರ್ ನಾರಾಯಣ್ ಪ್ರಕರಣದಲ್ಲಿ ಪ್ರಧಾನಿ ಕಚೇರಿಯ ಕಡತಗಳೇ ಹೊರಗೆ ಹೋಗಿ, ಜೆರಾಕ್ಸ್ ಆಗಿ, ಏನೂ ಅರಿಯದವುಗಳಂತೆ ಮರಳಿ ಬಂದು ಕುಳಿತಿರುತ್ತಿದ್ದವು. ಇಂಥದ್ದಕ್ಕೆ ಶಿಕ್ಷೆ ಬೇಡವೆನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ತೀರ್ಪು ಬಂದದ್ದು 2002ರಲ್ಲಿ. ಅಷ್ಟರಲ್ಲಿ ಮುಖ್ಯ ಆರೋಪಿಯೇ ತೀರಿಕೊಂಡಿದ್ದರು. ಕಳ್ಳನಿಗೆ ಹದಿನೇಳು ವರ್ಷದ ವಾಯಿದೆ, ಓದುಗನಿಗೆ ಅವತ್ತೇ ಕೋಳ. ತಮ್ಮ ತಕ್ಕಡಿಯ ಈ ವೈಶಿಷ್ಟ್ಯಕ್ಕೆ ನಮೋ ನಮಃ.

2019ರ ಮಾರ್ಚ್‌ನಲ್ಲಿ ರಫೇಲ್ ಯುದ್ಧವಿಮಾನ ಖರೀದಿಯ ಕಾಗದಗಳು ಕಳುವಾಗಿವೆ ಎಂದು ಬುಧವಾರ ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದಿಂದ ತಮ್ಮ ನಾಮಸ್ಮರಣೆ ನಡೆಯಿತು. ಶುಕ್ರವಾರ ಬರುವಷ್ಟರಲ್ಲಿ ‘ಕಳುವಲ್ಲ, ಜೆರಾಕ್ಸ್ ಅಷ್ಟೆ’ ಎಂಬಂತಾಯಿತು.

ಸ್ಥಿತಪ್ರಜ್ಞರೇ! ತಮ್ಮ ತವರಾದ ಬ್ರಿಟನ್ನಿನವರೇ ಇಂಥ ಸರ್ವಭಕ್ಷಕ ಕಲಮನ್ನು 1989ರಲ್ಲಿ ಕಿತ್ತು ಹಾಕಿದರು. 2006ರಲ್ಲಿ ನಮ್ಮ ವೀರಪ್ಪ ಮೊಯಿಲಿಯವರ ಆಡಳಿತ ಸುಧಾರಣಾ ಆಯೋಗ ತಮಗೆ ವಿಶ್ರಾಂತಿ ಕೊಡಿ ಎಂದು ಶಿಫಾರಸು ಮಾಡಿತು. ಮುಂದೆ ಅವರೇ ಕಾನೂನು ಮಂತ್ರಿಯೂ ಆದರು, ಮಾಜಿಯೂ ಆದರು. ತಾವು ಕುರ್ಚಿಯಿಂದ ಏಳಲಿಲ್ಲ.

ಈಗ ಶಾಲು, ಗಂಧದ ಹಾರ, ಮೈಸೂರು ಪೇಟ. ಈ ಪತ್ರವನ್ನು ಎರಡು ಲಕೋಟೆಯೊಳಗಿಟ್ಟು, ಅರಗು ಹಾಕಿ ಸಮರ್ಪಿಸುತ್ತಿದ್ದೇವೆ. ದಯವಿಟ್ಟು ಯಾರೂ ಫೋಟೊ ತೆಗೆಯಬೇಡಿ. ಹಿಂದಿನ ಕೋಣೆಯಲ್ಲಿ ಉಪ್ಪಿಟ್ಟು, ಕೇಸರಿಬಾತ್ ಇದೆ. ಬಡಿಸಿದವರು ಯಾರು ಎಂದು ಹೊರಗೆ ಯಾರಾದರೂ ಕೇಳಿದರೆ, ತಾವು ಉಂಡೇ ಇಲ್ಲ.

ಇಂತಿ,
ಹೆಸರು ಹೇಳಲಿಚ್ಛಿಸದ ಅಭಿಮಾನಿಗಳು