ತಾತನ ಕಾಲ, ದೇಶ, ಕೃತಿ ವಿಚಾರ

ಆರ್. ನರಸಿಂಹಾಚಾರ್ಯರು 1907ರಲ್ಲಿ ‘ಕರ್ನಾಟಕ ಕವಿಚರಿತೆ’ಯ ಮೊದಲ ಸಂಪುಟ ತಂದ ಮೇಲೆ ಈ ನಾಡಿನ ಯಾವ ಕವಿಗೂ ಕಾಲನಿರ್ಣಯದಿಂದ ಬಿಡುಗಡೆ ಸಿಕ್ಕಿಲ್ಲ. ಒಂದು ಸಾಲೂ ಬರೆಯದ ನಮ್ಮ ತಾತ ಮಾತ್ರ ವಿದ್ವಾಂಸರ ಕಣ್ಣು ತಪ್ಪಿಸಿ, ಶ್ರೀರಂಗಪಟ್ಟಣದ ಕೆಳಗೆ ಕಾವೇರಿ ದಂಡೆಯ ಹಳ್ಳಿಯೊಂದರಲ್ಲಿ ಕಬ್ಬು ಬೆಳೆದುಕೊಂಡು, ಸುಮಾರು ನೂರು ವರ್ಷ ಬಾಳಿ ಹೋದರು. ಆ ‘ಸುಮಾರು’ ನಮ್ಮ ಮನೆತನಕ್ಕೇ ಕುಂದು. ಅದನ್ನು ನೀಗುವ ಹೊಣೆ, ಬೇರೆ ಯಾರೂ ಹೊರದ್ದರಿಂದ, ಈ ಲೇಖಕನ ಪಾಲಿಗೆ ಬಂದಿದೆ.

ಮೊದಲು ಕಾಲ. ಲಿಖಿತ ಆಕರಗಳು ಮೂರು. ಕ-ಪ್ರತಿ ಎಂದರೆ ಶಾನುಭೋಗರು ಬರೆದುಕೊಟ್ಟಿದ್ದ ಚೀಟಿ. ಹುಳು ತಿಂದು ಬಿಟ್ಟಿರುವುದು ‘ರಕ್ತಾಕ್ಷಿ’, ‘ಆಷಾ’ ಎಂಬ ಎರಡು ತುಣುಕು. ಖ-ಪ್ರತಿ ಶಾಲೆಯ ದಾಖಲಾತಿ: 1-6-1922. ಆ ಪುಟದ ಮಕ್ಕಳೆಲ್ಲರೂ ಜೂನ್ ಒಂದರಂದೇ ಹುಟ್ಟಿರುವುದರಿಂದ ಇದನ್ನು ಮೇಷ್ಟ್ರ ಸ್ವತಂತ್ರ ರಚನೆಯೆಂದೇ ಭಾವಿಸಬೇಕು. ಗ-ಪ್ರತಿ ಗುರುತಿನ ಚೀಟಿ: 1-1-1930. ಇದು ತೀರಾ ಅರ್ವಾಚೀನ. ಅಲ್ಲದೆ ಬಚ್ಚಲುಮನೆಯ ಹಂಡೆಯ ಕಂಠದಲ್ಲಿ ಚುಕ್ಕಿ ಅಕ್ಷರದಲ್ಲಿ ಕೊರೆಸಿರುವ ತಾಮ್ರಶಾಸನದಂತೆ ತಾತನ ಮದುವೆ 1943ರಲ್ಲಿ. ಗ-ಪ್ರತಿಯನ್ನು ಒಪ್ಪಿದರೆ ಆಗ ವರನಿಗೆ ಹದಿಮೂರು. ಮದುವೆಯ ಹೊತ್ತಿಗೆ ಅವರಿಗೆ ಮೀಸೆ ಇತ್ತೆಂದು ಅಜ್ಜಿ ಸಾಕ್ಷಿ ನುಡಿದಿದ್ದಾರೆ.

ಉಳಿದದ್ದು ರಕ್ತಾಕ್ಷಿ. ಪಂಪ ದುಂದುಭಿ ಸಂವತ್ಸರದಲ್ಲಿ ಹುಟ್ಟಿದೆನೆಂದ. ವಿದ್ವಾಂಸರು ಲೆಕ್ಕ ಹಾಕಿ ಅದು 902 ಎಂದರು. ತಾತನ ವಿಷಯ ಅಷ್ಟು ಸಲೀಸಲ್ಲ. ಅರವತ್ತು ದಾಟಿ ಬದುಕಿದವರಿಗೆ ಹುಟ್ಟಿದ ಸಂವತ್ಸರ ಇನ್ನೊಮ್ಮೆ ಎದುರಾಗುತ್ತದೆ: ರಕ್ತಾಕ್ಷಿ 1924ರಲ್ಲೂ ಬಂತು, 1984ರಲ್ಲೂ ಬಂತು. ಎರಡನೆಯದನ್ನು ಕೈಬಿಡಬಹುದು. ಆ ವರ್ಷ ತಾತ ಈ ಲೇಖಕನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೇಲುಕೋಟೆಯ ವೈರಮುಡಿ ತೋರಿಸಿದ್ದಕ್ಕೆ ಪ್ರತ್ಯಕ್ಷ ಸಾಕ್ಷಿಯಿದೆ.

1924ರ ಜುಲೈನಲ್ಲಿ ಕಾವೇರಿ ಉಕ್ಕಿ ಹರಿದದ್ದು ಎಲ್ಲರೂ ಬಲ್ಲ ಸಂಗತಿ. ಆದರೆ ಮುತ್ತಜ್ಜಿಯ ಹೇಳಿಕೆಗೆ ಪಾಠಾಂತರವಿದೆ. ‘ಹೊಳೆ ಮನೆವೊಳಿಕ್ ಬಂದಾಗ ಇವ ಹೊಟ್ಟೇಲಿದ್ದ’ ಎಂಬುದು ದೊಡ್ಡಪ್ಪನ ಪಾಠ. ‘ತೊಟ್ಲಲ್ಲಿದ್ದ’ ಎಂಬುದು ಸೋದರತ್ತೆಯ ಪಾಠ. ಆಷಾಢ ಎರಡಕ್ಕೂ ಒಗ್ಗುತ್ತದೆ. ಹೆಚ್ಚೆಂದರೆ ಕೆಲವು ದಿನಗಳ ಈ ವ್ಯತ್ಯಾಸಕ್ಕಾಗಿ ಅಣ್ಣ ತಂಗಿ ಒಂದು ಇಡೀ ಗೌರಿ ಹಬ್ಬ ಮಾತು ಬಿಟ್ಟಿದ್ದರು. ಬಾಗಿನ ಮಾತ್ರ ತಪ್ಪಲಿಲ್ಲ. ತಾತನೇ ಸೈಕಲ್ಲಿನಲ್ಲಿ ಹೊತ್ತೊಯ್ದು ಕೊಟ್ಟು ಬಂದರು. ಯಾವ ಪಾಠ ಸರಿಯೆಂದು ಅವರನ್ನೇ ಕೇಳಿದ್ದುಂಟು. ‘ನಾನೇನ್ ನೋಡಿದ್ನಾ?’ ಎಂದರು.

ದೇಶದ ವಿಚಾರ ಚಿಕ್ಕದು. ಹುಟ್ಟಿದ್ದು ಮೈಸೂರು ಜಿಲ್ಲೆ, ಪ್ರಾಯಕ್ಕೆ ಬಂದದ್ದು ಮಂಡ್ಯ ಜಿಲ್ಲೆ. ಹುಟ್ಟಿದ್ದು ಮಹಾರಾಜರ ಸಂಸ್ಥಾನ, ಮೊಮ್ಮಕ್ಕಳನ್ನು ಆಡಿಸಿದ್ದು ಕರ್ನಾಟಕ ರಾಜ್ಯ. ಇಷ್ಟೆಲ್ಲ ಸಂಚಾರ ಒಂದೇ ಜಗಲಿಯ ಮೇಲೆ ನಡೆದಿದೆ. 1939ರಲ್ಲಿ ಜಿಲ್ಲೆ ಒಡೆಯಿತು, 1973ರಲ್ಲಿ ಹೆಸರು ಬದಲಾಯಿತು, ತಾತ ಎದ್ದು ಹೋಗಿದ್ದು ಗದ್ದೆಗೆ ನೀರು ಕಟ್ಟಲು. ನಯಾ ಪೈಸೆ ಬಂದದ್ದು 1957ರಲ್ಲಾದರೂ ಅವರು ಕೊನೆಯವರೆಗೂ ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳಿದ್ದು ಆಣೆಯಲ್ಲೇ.

ಪ್ರಕ್ಷಿಪ್ತಗಳ ಮಾತು ಬಂದಾಗ ಕನ್ನಂಬಾಡಿ ಪ್ರಸಂಗವನ್ನು ಬಿಡುವಂತಿಲ್ಲ. ಕಟ್ಟೆ ಕಟ್ಟುವಾಗ ತಾತ ಕಲ್ಲು ಹೊತ್ತರೆಂದೂ ವಿಶ್ವೇಶ್ವರಯ್ಯನವರು ಬೆನ್ನು ತಟ್ಟಿದರೆಂದೂ ದೊಡ್ಡಪ್ಪನ ಶಾಖೆ ನಂಬುತ್ತದೆ. ಕೆಲಸ ಶುರುವಾದದ್ದು 1911ರಲ್ಲಿ; ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದು 1918ರಲ್ಲಿ. ಹುಟ್ಟದ ಮಗುವಿನ ಬೆನ್ನನ್ನು ಎಂಥ ಎಂಜಿನಿಯರೂ ತಟ್ಟಲಾರ. ಕಲ್ಲು ಹೊತ್ತವರು ತಾತನ ಅಪ್ಪ ಇರಬೇಕು. ಆದರೆ ವಿಶ್ವೇಶ್ವರಯ್ಯನವರು 1962ರವರೆಗೆ ಬದುಕಿದ್ದರು, ಅಷ್ಟರೊಳಗೆ ಎಲ್ಲಾದರೂ ಸಿಕ್ಕಿ ತಟ್ಟಿರಬಹುದಲ್ಲ ಎಂಬ ಅತ್ತೆಯ ಆಕ್ಷೇಪ ಮಾತ್ರ ಗಟ್ಟಿಯಾಗಿದೆ. ತಾತನ ವಿಷಯದಲ್ಲಿ ಅಣ್ಣ ತಂಗಿ ಒಮ್ಮತಕ್ಕೆ ಬಂದದ್ದು ಇದೊಂದೇ ಕಡೆ.

ಇನ್ನು ಕೃತಿ. ಉಪಲಬ್ಧವಿರುವುದು ಒಂದೇ ವಾಕ್ಯ: ‘ನಿಂಗೊಬ್ನಿಗೇ ಕಣ್ಲಾ, ಯಾರ್ಗೂ ಹೇಳ್ಬ್ಯಾಡ.’ ಆಲೆಮನೆಯಿಂದ ಬಂದ ರಾತ್ರಿ ಪಂಚೆಯ ಮಡಿಲಿಂದ ಒಂದು ಅಚ್ಚು ಬೆಲ್ಲ ತೆಗೆದು, ಈ ಲೇಖಕನ ಕೈಗಿಟ್ಟು, ಕಿವಿಯಲ್ಲಿ ಹೇಳಿದ್ದು. ಇದು ಏಕೈಕ ಹಸ್ತಪ್ರತಿಯೆಂದೂ ತಾನೇ ಅದರ ಏಕಮಾತ್ರ ವಾರಸುದಾರನೆಂದೂ ಲೇಖಕ ಬಹುಕಾಲ ನಂಬಿದ್ದ. ತಿಥಿಯ ರಾತ್ರಿ ಚಿಕ್ಕಪ್ಪನ ಮಗ ಯಾವುದೋ ಮಾತಿಗೆ ಅದೇ ವಾಕ್ಯ ಹೇಳಿದ. ಅತ್ತೆಯ ಮಗಳು ತಟ್ಟನೆ ತಿರುಗಿದಳು. ಪರಿಷ್ಕರಣ ಅಲ್ಲೇ ಶುರುವಾಯಿತು: ‘ಕಣ್ಲಾ’ ಇದ್ದಲ್ಲಿ ‘ಕಣಮ್ಮಿ’ ಎಂಬುದನ್ನು ಬಿಟ್ಟರೆ ಎಲ್ಲ ಮೊಮ್ಮಕ್ಕಳ ಪ್ರತಿಗಳೂ ಅಕ್ಷರಶಃ ಒಂದೇ. ಸೊಸೆಯಂದಿರ ಶಾಖೆಯಲ್ಲೂ ಇಂಥದೇ ರಚನೆ ಸಿಕ್ಕಿತು. ‘ನಿನ್ ಕೈ ಬಸ್ಸಾರು ಯಾರ್ಗೂ ಬರಾಕಿಲ್ಲ’ ಎಂದು ಮೂವರಿಗೂ ಬೇರೆ ಬೇರೆಯಾಗಿ ಹೇಳಿದ್ದರಂತೆ. ಮೂವರೂ ಆ ರಾತ್ರಿ ಒಬ್ಬರ ಮುಖ ಒಬ್ಬರು ನೋಡಿಕೊಂಡ ಬಗೆ ವಿದ್ವತ್ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಕೃತಿಯ ಕರ್ತೃತ್ವವೂ ಈಗ ಅಲುಗಾಡುತ್ತಿದೆ. ಗೋಡೆಗೊರಗಿ ಕೂತಿದ್ದ ಅಜ್ಜಿ ಎಲ್ಲ ಕೇಳಿಸಿಕೊಂಡು, ‘ಎಷ್ಟ್ ಮಕ್ಳವ್ರೆ ಅಂತ ಎಣ್ಸಿ ಅಷ್ಟ್ ಅಚ್ಚು ಎತ್ತಿಡ್ತಿದ್ದೋಳು ನಾನು. ನಿಮ್ ತಾತಂಗೆ ಲೆಕ್ಕ ಎಲ್ ಬತ್ತಿತ್ತು?’ ಎಂದರು. ಹಾಗಾದರೆ ಮೂಲ ಕರ್ತೃ ಅಜ್ಜಿ. ತಾತ ವಾಚಕರು, ಪ್ರಸಾರಕರು. ಇದಕ್ಕೆ ಪ್ರತ್ಯೇಕ ಪ್ರಬಂಧವೇ ಬೇಕು.

ನಿರ್ಯಾಣದ ದಿನಾಂಕದ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಚರ್ಚೆಗೂ ಯಾರೂ ಮುಂದೆ ಬಂದಿಲ್ಲ.

ಖ-ಪ್ರತಿಯನ್ನು ಗೌರವಿಸಿ 2022ರಲ್ಲಿ ತಾತನ ನೂರು ತುಂಬಿದ ಊಟವಾಯಿತು, ಒಬ್ಬಟ್ಟು. ಕ-ಪ್ರತಿಯನ್ನು ಗೌರವಿಸಿ 2024ರಲ್ಲಿ ಇನ್ನೊಮ್ಮೆ ಆಯಿತು, ಮತ್ತೆ ಒಬ್ಬಟ್ಟು. ಗ-ಪ್ರತಿಯನ್ನು ಮೇಲೆ ಅರ್ವಾಚೀನವೆಂದು ತಳ್ಳಿಹಾಕಿದ್ದು ಕೊಂಚ ಅವಸರವಾಯಿತೆಂದು ಲೇಖಕನಿಗೆ ಈಚೆಗೆ ಅನ್ನಿಸುತ್ತಿದೆ. 2030 ಹತ್ತಿರವಾದಂತೆ ದೊಡ್ಡಪ್ಪನೂ ಅತ್ತೆಯೂ ಅದರ ಪ್ರಾಮಾಣ್ಯದತ್ತ ಒಲಿಯುತ್ತಿದ್ದಾರೆ.