ಹದಿನೈದು ಆಂಪ್ಸಿನ ಮೌನ

ಕಾರಿನಲ್ಲಿ ಏನು ಕೆಟ್ಟರೂ ಹೇಗೋ ಸಂಭಾಳಿಸಬಹುದು. ಎಸಿ ನಿಂತರೆ ಕಿಟಕಿಯ ಗಾಜು ಇಳಿಸಿದರಾಯಿತು. ವೈಪರ್ ಕೈಕೊಟ್ಟರೂ ಹಿರಿಯೂರು ಸೀಮೆಯಲ್ಲಿ ಯಾರೂ ಗಾಬರಿಯಾಗುವುದಿಲ್ಲ; ನಮ್ಮ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಅಂಥ ಕಡೆ ವೈಪರಿಗೇನು ಅವಸರ?

ಹಾರ್ನಿನ ಮಾತು ಬೇರೆ. ಇದೇ ಸೀಮೆಯ ಆದಿವಾಲದ ಪಕ್ಕದಲ್ಲೇ ಬೆಂಗಳೂರು–ಪುಣೆ ಹೆದ್ದಾರಿ. ನಂಬರು 48 ಆಗಿ ಎಷ್ಟೋ ಕಾಲವಾದರೂ ಹಳಬರ ಬಾಯಲ್ಲಿ ಅದಿನ್ನೂ ಎನ್‌ಎಚ್ ನಾಲ್ಕೇ. ಸರ್ವಿಸ್ ರಸ್ತೆಗೆ ಇಳಿದರೆ ಎದುರಿನಿಂದ ಬೈಕು, ಪಕ್ಕದಲ್ಲಿ ಶೇಂಗಾ ಬಳ್ಳಿ ಹೇರಿದ ಟ್ರ್ಯಾಕ್ಟರು, ನಡುವೆ ಕುರಿ ಹಿಂಡು. ಕುರಿಗಳು ಹಾರ್ನಿಗೆ ಸೊಪ್ಪು ಹಾಕುವುದಿಲ್ಲ ಎಂಬುದು ಬೇರೆ ವಿಷಯ. ನಾವು ಹೊಡೆಯುವುದು ಕಾಯುವವನಿಗೆ. ಅವನು ‘ಹೋ’ ಅನ್ನುವುದು ಕುರಿಗಳಿಗೆ.

ಇಲ್ಲಿ ಹಾರ್ನು ಬಾಯಿ ಮುಚ್ಚಿದರೆ ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಬಾರದು. ನಿಲ್ಲಿಸಿದೆ ಅಂತಿಟ್ಟುಕೊಳ್ಳಿ, “ಹಾರ್ನೇ ಹೋಗೈತೆ ಸಾ, ಹೊಸ ಸೆಟ್ ಹಾಕ್ಸಿಬಿಡಿ” ಎಂದು ಒಬ್ಬ, “ಬ್ಯಾಟ್ರಿ ಡೌನು ಕಣಣ್ಣ” ಎಂದು ಇನ್ನೊಬ್ಬ. ಎತ್ತು ಈದಿದೆ ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಬ್ಯಾಟರಿ ಸತ್ತಿದ್ದರೆ ಕಾರು ಅಲ್ಲಿಯವರೆಗೆ ಬಂದದ್ದು ಹೇಗೆ ಎಂದು ಕೇಳಿದರೆ ಅದಕ್ಕೂ ಒಂದು ಉತ್ತರ ಇರುತ್ತದೆ.

ಮೊದಲು ನೋಡಬೇಕಾದದ್ದು ಫ್ಯೂಸು, ಅದರ ಬೆಲೆ ಟೀಗಿಂತ ಹೆಚ್ಚೇನಲ್ಲ. ಕಷ್ಟವಿರುವುದು ಹುಡುಕುವುದರಲ್ಲಿ. ಹಳೆಯ ಅಂಬಾಸಡರಿನಲ್ಲಿ ಬಾನೆಟ್ ಎತ್ತಿದರೆ ಬೆರಳೆಣಿಕೆಯ ಗಾಜಿನ ಫ್ಯೂಸುಗಳು ಎದುರಿಗೇ ಇರುತ್ತಿದ್ದವು. ಈಗ ಸಾಮಾನ್ಯವಾಗಿ ಎರಡು ಪೆಟ್ಟಿಗೆ: ಒಂದು ಬ್ಯಾಟರಿಯ ಪಕ್ಕ, ಇನ್ನೊಂದು ಡ್ಯಾಶ್‌ಬೋರ್ಡಿನ ಕೆಳಗೆ. ಈ ಎರಡನೆಯದನ್ನು ನೋಡಲು ತಲೆ ಪೆಡಲುಗಳ ನಡುವೆ, ಕಾಲು ರಸ್ತೆಯ ಮೇಲೆ. ಹಾದು ಹೋಗುವವರಿಗೆ ಅಪಘಾತವೆಂದೇ ಅನ್ನಿಸಿ ಇಬ್ಬರು ಓಡಿಬರುತ್ತಾರೆ. ಮುಚ್ಚಳದ ಒಳಗೆ ನಕ್ಷೆಯಿರುತ್ತದೆ. ಅದರಲ್ಲಿ ಕಹಳೆಯ ಚಿತ್ರವಿರುವ ಮನೆಯೇ ನಮ್ಮದು. ಅಕ್ಷರ ಇರುವೆಯ ಗಾತ್ರದ್ದು, ಹಾಗಾಗಿ ಕನ್ನಡಕ ಹುಡುಕಲು ಮತ್ತೆ ಮೇಲೇಳಬೇಕು.

ಫ್ಯೂಸುಗಳಿಗೆ ಬಣ್ಣದ ಜಾತಿಪದ್ಧತಿ ಇದೆ: ಕೆಂಪಾದರೆ 10 ಆಂಪ್ಸು, ನೀಲಿಯಾದರೆ 15, ಹಳದಿಯಾದರೆ 20. ಹಾರ್ನಿನದು ಹೆಚ್ಚಾಗಿ ಮೊದಲ ಎರಡರಲ್ಲೊಂದು. ಪೆಟ್ಟಿಗೆಯಲ್ಲೇ ಸಣ್ಣ ಪ್ಲಾಸ್ಟಿಕ್ ಚಿಮಟ ಇಟ್ಟಿರುತ್ತಾರೆ, ಯಾರೂ ಅದನ್ನು ಕಳೆಯದೆ ಬಿಟ್ಟಿದ್ದರೆ. ಮಗುವಿನ ಹಾಲುಹಲ್ಲು ಕೀಳುವ ಹಾಗೆ ನೇರವಾಗಿ ಎಳೆದು ಬೆಳಕಿಗೆ ಹಿಡಿದರೆ ಒಳಗಿನ ತಂತಿ ಕಾಣುತ್ತದೆ. ತುಂಡಾಗಿದ್ದರೆ ಹೋಗಿದೆ ಎಂದರ್ಥ. ಕಣ್ಣು ನಂಬದವರು ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಕಾರಿನ ಲೋಹಕ್ಕೆ ಕಚ್ಚಿಸಿ, ಫ್ಯೂಸನ್ನು ಕೀಳದೆಯೇ, ಅದರ ತಲೆಯ ಎರಡೂ ಚುಕ್ಕೆಗಳನ್ನು ಮುಟ್ಟಿ ನೋಡಬಹುದು. ಎರಡೂ ಕಡೆ ಬೆಳಗಿದರೆ ಫ್ಯೂಸು ನಿರಪರಾಧಿ. ಒಂದೇ ಕಡೆ ಬೆಳಗಿದರೆ ಅದೇ ಕಳ್ಳ. ಎರಡೂ ಕಡೆ ಬೆಳಗದಿದ್ದರೆ ಕೀ ತಿರುಗಿಸಲು ಮರೆತಿಲ್ಲವೇ ನೋಡಿ.

ಫ್ಯೂಸು ಸರಿಯಿದ್ದೂ ಹಾರ್ನು ಮಾತಾಡದಿದ್ದರೆ ಒಬ್ಬರು ಗುಂಡಿ ಒತ್ತಬೇಕು, ಇನ್ನೊಬ್ಬರು ಹಾರ್ನಿಗೆ ಕರೆಂಟು ಬಿಡುವ ಸ್ವಿಚ್ಚಿನ, ಅಂದರೆ ರಿಲೇಯ, ಹತ್ತಿರ ಕಿವಿ ಇಡಬೇಕು. ‘ಟಕ್’ ಎಂದರೆ ದೋಷ ಅದರಾಚೆ, ಹಾರ್ನಿನಲ್ಲೋ ಅದರ ಅರ್ತಿನಲ್ಲೋ ಇರುವ ಸಂಭವ ಹೆಚ್ಚು. ಈ ಕೆಲಸಕ್ಕೆ ನಿಶ್ಶಬ್ದ ಬೇಕು. ಹೆದ್ದಾರಿಯ ಬದಿಯಲ್ಲಿ ಅದೊಂದು ಬಿಟ್ಟು ಎಲ್ಲ ಸಿಗುತ್ತದೆ.

ನಿಶ್ಶಬ್ದವಿಲ್ಲದಿದ್ದರೆ ಸಂಗೀತವಾದರೂ ಇರಲಿ ಎಂದೋ ಏನೋ, 2021ರಲ್ಲಿ ಕೇಂದ್ರದ ಹೆದ್ದಾರಿ ಸಚಿವರಾಗಿದ್ದ ನಿತಿನ್ ಗಡ್ಕರಿಯವರು ಹಾರ್ನುಗಳಲ್ಲಿ ಕೊಳಲು, ತಬಲಾ, ಪಿಟೀಲಿನ ನಾದ ಬರಬೇಕೆಂಬ ಆಸೆ ತೋಡಿಕೊಂಡಿದ್ದರು. ಕುರಿ ಹಿಂಡಿನ ಹಿಂದೆ ಕೊಳಲೇನೋ ಹೊಂದುತ್ತದೆ. ಎದುರಿನಿಂದ ಬರುವ ಬೈಕಿನವನಿಗೆ ತಬಲಾ ಸಾಕಾದೀತೇ ಎಂಬುದು ನನ್ನ ಅನುಮಾನ.

ಮತ್ತೆ ಫ್ಯೂಸಿನ ಮಾತಿಗೆ ಬಂದರೆ, ಸುಟ್ಟದ್ದರ ಜಾಗಕ್ಕೆ ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿ ಕೊಡುವ ಮಹಾನುಭಾವರು ಎಲ್ಲ ಊರಿನಲ್ಲೂ ಇದ್ದಾರೆ. 10ರ ಮನೆಗೆ 30 ತುರುಕುವವರೂ ಅವರ ನೆಂಟರೇ. ಆಮೇಲೆ ಫ್ಯೂಸಿನ ಬದಲು ವೈರೇ ಕಾದು ಸುಡುತ್ತದೆ. ಸರಿಯಾದ ಅಳತೆಯ ಹೊಸ ಫ್ಯೂಸು ಹಾಕಿದರೂ, ಹಾರ್ನು ಒತ್ತಿದೊಡನೆ ಅದೂ ಹೋಯಿತೆಂದರೆ ಎಲ್ಲೋ ಶಾರ್ಟ್ ಆಗಿದೆ. ಇಲಿ ಕಡಿದಿರಬಹುದು, ವೈರು ಸವೆದು ಬಾಡಿಗೆ ತಾಗಿರಬಹುದು. ಆಗ ಹಿರಿಯೂರಿನಲ್ಲಿ ವೈರಿಂಗ್ ಕೆಲಸದವರ ಅಂಗಡಿ ಹುಡುಕಬೇಕು. ಬಾನೆಟ್ ಎತ್ತುವ ಮೊದಲೇ ಅವರದೊಂದು ಪ್ರಶ್ನೆ: “ಇದಕ್ಕೆ ಯಾರಾದ್ರೂ ಕೈ ಹಾಕಿದ್ರಾ ಸಾ?”

ಹಾಕದವರ ಪಟ್ಟಿ ಕೊಡುವುದು ಸುಲಭ.