ಮೆಣಸಿನಕಾಯಿ ಎಂಬ ಅಡ್ಡಹೆಸರು: ಉಗಮ, ಪ್ರಸರಣ ಹಾಗೂ ಆವರ್ತನದ ಒಂದು ಬಹುಶಿಸ್ತೀಯ ಅನುಸಂಧಾನ

1. ವ್ಯಾಪ್ತಿ ಮತ್ತು ಪರಿಭಾಷೆ

ಮೆಣಸಿನಕಾಯಿ ಎಂಬುದು ಉತ್ತರ ಕರ್ನಾಟಕದ ಕೆಲವೇ ಮನೆತನಗಳಿಗಿರುವ ಅಡ್ಡಹೆಸರು. ಅದೇ ಸೀಮೆಯ ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ, ತೆಂಗಿನಕಾಯಿ, ಬಾಳೀಕಾಯಿ, ಅಕ್ಕಿ ಮೊದಲಾದ ಹೆಸರುಗಳೊಡನೆ ಇದನ್ನು 'ಕಿರಾಣಿ ನಾಮಗುಚ್ಛ'ದಲ್ಲಿ ಸೇರಿಸಬಹುದು. ಈ ಗುಚ್ಛದ ನಾಲ್ಕು ಮನೆಗಳ ನಡುವೆ ಬೀಗತನ ಏರ್ಪಟ್ಟರೆ ಲಗ್ನಪತ್ರಿಕೆ ಮತ್ತು ತಿಂಗಳ ಸಾಮಾನಿನ ಚೀಟಿ ಎರಡೂ ಒಂದೇ ಆಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ಅಡ್ಡಹೆಸರು ಎಂದರೆ ಧಾರವಾಡದ ಕಡೆ ಮನೆತನದ ಹೆಸರು. ಮೈಸೂರಿನ ಕಡೆ ಗೆಳೆಯರು ಚುಡಾಯಿಸಲು ಇಟ್ಟ ಹೆಸರು. ಆದ್ದರಿಂದ ಹುಬ್ಬಳ್ಳಿಯವರು ಮೈಸೂರಿನವರಿಗೆ "ನಿಮ್ಮ ಅಡ್ಡಹೆಸರೇನ್ರಿ?" ಎಂದು ಕೇಳಿದಾಗ ಒಬ್ಬರು ವಿನಯದಿಂದಿರುತ್ತಾರೆ, ಇನ್ನೊಬ್ಬರು ಮುಖ ಊದಿಸಿಕೊಳ್ಳುತ್ತಾರೆ. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಈ ಪದ ಇನ್ನೂ ಆಗಿಲ್ಲ.

ಪ್ರಸ್ತುತ ಅನುಸಂಧಾನವು ವಸಾಹತೋತ್ತರ ನಾಮಸಂಕಥನದ ಪರಿಪ್ರೇಕ್ಷ್ಯದಲ್ಲಿ ಅಸ್ಮಿತೆಯ ಬಹುಮುಖೀ ನೆಲೆಗಳನ್ನು ಮುಖಾಮುಖಿಯಾಗಿಸುವ ಸೈದ್ಧಾಂತಿಕ ನೆಲೆಗಟ್ಟನ್ನು ಹೊಂದಿದೆ. ಈ ವಾಕ್ಯಕ್ಕೆ ಅರ್ಥವಿಲ್ಲ. ಆದರೆ ಇದಿಲ್ಲದೆ ವಿಚಾರಸಂಕಿರಣಗಳಲ್ಲಿ ಪ್ರಬಂಧ ಸ್ವೀಕೃತವಾಗುವುದಿಲ್ಲ, ಸ್ವೀಕೃತವಾಗದೆ ಪ್ರಯಾಣಭತ್ಯೆ ಸಿಗುವುದಿಲ್ಲ, ಭತ್ಯೆ ಸಿಗದೆ ಅನುಸಂಧಾನ ಮುಂದುವರಿಯುವುದಿಲ್ಲ.

2. ಉಗಮ: ಚತುರ್ವಿಧ ವಾದಗಳು

ಅಭಿನಂದನ ಗ್ರಂಥ ಮತ್ತು ಸ್ಮರಣ ಸಂಚಿಕೆಗಳ ಪದ್ಧತಿಯಲ್ಲಿ ಯಾವ ಮನೆತನವೂ ತಾನಿರುವ ಊರಿನಲ್ಲಿ ಹುಟ್ಟುವಂತಿಲ್ಲ. ಕನಿಷ್ಠ ಎರಡು ನದಿ ದಾಟಿ ಬಂದಿರಬೇಕು. ಮೂಲಪುರುಷ ಋಷಿಯೋ ರಾಜನೋ ಆಗಿರಬೇಕು. ಈ ಪದ್ಧತಿಯನ್ನು ಮೆಣಸಿನಕಾಯಿಗೆ ಅನ್ವಯಿಸಿದಾಗ ಕೆಳಗಿನ ವಾದಗಳು ದೊರೆಯುತ್ತವೆ.

2.1 ಋಷಿಮೂಲ ವಾದ. ಮೆಣಸಿನಕಾಯಿ ಎಂಬುದು 'ಮನಸ್ಕಾಯ' ಎಂಬ ಸಂಸ್ಕೃತ ರೂಪದ ತದ್ಭವ. ಮನಸ್ಸೇ ಕಾಯವಾದವನು ಮನಸ್ಕಾಯ. ಅರ್ಥಾತ್ ಒಬ್ಬ ಮಹರ್ಷಿ. ಅಂಥ ಋಷಿಯ ಹೆಸರು ಯಾವ ಪುರಾಣದಲ್ಲೂ ಬರುವುದಿಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಸಿದ್ಧವಿದೆ: ಆತನಿಗೆ ಪ್ರಚಾರದ ಹಂಬಲ ಇರಲಿಲ್ಲ. ಅಕಾರ ಎಕಾರವಾದದ್ದು, ಸಕಾರದ ಮುಂದೆ ನಕಾರ ಹೊಸದಾಗಿ ಬಂದು ನಿಂತದ್ದು, ದಂತ್ಯ ಮೂರ್ಧನ್ಯವಾದದ್ದು, ಇವೆಲ್ಲ 'ಉಚ್ಚಾರಣಾ ಸೌಲಭ್ಯಕ್ಕಾಗಿ' ಆದವು. ಉಚ್ಚರಿಸುವವರಿಗೆ ಇದರಿಂದ ಏನು ಸೌಲಭ್ಯವಾಯಿತು ಎಂದು ಈ ಪದ್ಧತಿಯಲ್ಲಿ ಕೇಳುವ ಹಾಗಿಲ್ಲ.

2.2 ಕಾಶ್ಮೀರಮೂಲ ವಾದ. ಪೇಟೆಯಲ್ಲಿ ಕಾಶ್ಮೀರಿ ಮೆಣಸಿನಕಾಯಿ ಸಿಗುತ್ತದೆ. ಆದ್ದರಿಂದ ಮೆಣಸಿನಕಾಯಿ ಮನೆತನದವರು ಕಾಶ್ಮೀರದಿಂದ ಬಂದವರು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಮನೆತನಗಳು ಇರುವುದೂ ಅದೇ ಸೀಮೆಯಲ್ಲಿ ಎಂಬ ಸಂಗತಿಯನ್ನು ಈ ವಾದ ಗಮನಿಸುವುದಿಲ್ಲ. ಎದುರಿಗಿರುವ ಮಾರುಕಟ್ಟೆ ಕಂಡರೆ ಕಾಶ್ಮೀರ ಕಾಣುವುದಿಲ್ಲವಲ್ಲ.

2.3 ರಾಜವಂಶ ವಾದ. ಇದಕ್ಕೆ ಎರಡು ಕವಲುಗಳು. ಮೊದಲನೆಯದರಂತೆ ಮೆಣಸಿನಕಾಯಿಯ ಗುಣ ಖಾರ, ಹಾಥಿಗುಂಫಾ ಶಾಸನದ ಕಳಿಂಗ ದೊರೆ ಖಾರವೇಲ, ಉಳಿದದ್ದು ಸ್ವಯಂವೇದ್ಯ. ಎರಡನೆಯದರಂತೆ, ಪೋರ್ಚುಗೀಸರು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದರು. ಆದ್ದರಿಂದ ಮೆಣಸಿನಕಾಯಿಯವರು ಆಕೆಯ ವಂಶಸ್ಥರು. ಆಕೆ ಮಾರಿದ್ದು ಕಾಳುಮೆಣಸು, ಅದು ಘಟ್ಟದ ಬಳ್ಳಿ. ಮೆಣಸಿನಕಾಯಿ ಬಯಲುಸೀಮೆಯ ಹೊಲದ ಗಿಡ. ಆದರೆ ವಂಶ ಬೇಕೆಂದವರು ಸಸ್ಯಶಾಸ್ತ್ರ ನೋಡುತ್ತ ಕೂರುವುದಿಲ್ಲ.

2.4 ಹಡಗಿನ ವಾದ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. 1492ರಲ್ಲಿ ಕೊಲಂಬಸ್ ಅತ್ತ ಹೋಗುವ ತನಕ ಈಚೆಯ ಯಾರ ನಾಲಿಗೆಗೂ ಅದರ ಪರಿಚಯವಿರಲಿಲ್ಲ. ಕಲ್ಲಿಕೋಟೆಗೆ 1498ರಲ್ಲಿ ಬಂದು, 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು ಅದನ್ನು ಹದಿನಾರನೆಯ ಶತಮಾನದಲ್ಲಿ ಇಲ್ಲಿಗೆ ತಂದರು. ಅಂದಮೇಲೆ ಈ ಅಡ್ಡಹೆಸರಿಗೆ ಐನೂರು ಚಿಲ್ಲರೆ ವರ್ಷಕ್ಕಿಂತ ಹೆಚ್ಚಿನ ವಯಸ್ಸಿರಲು ಸಾಧ್ಯವೇ ಇಲ್ಲ. ಮಹರ್ಷಿ ಮನಸ್ಕಾಯನು ಒಂದು ಮಿರ್ಚಿ ಬಜಿ ತಿನ್ನಬೇಕೆಂದಿದ್ದರೆ ತಪಸ್ಸು ಬಿಟ್ಟು ಮೆಕ್ಸಿಕೋಕ್ಕೆ ನಡೆಯಬೇಕಿತ್ತು. ನಾಲ್ಕರಲ್ಲಿ ಆಧಾರವಿರುವುದು ಈ ವಾದಕ್ಕೊಂದೇ. ಸ್ಮರಣ ಸಂಚಿಕೆಗಳಿಗೆ ಬೇಡವಾದದ್ದೂ ಇದೊಂದೇ, ಏಕೆಂದರೆ ಇದರಲ್ಲಿ ಮೂಲಪುರುಷನ ಫೋಟೋ ಹಾಕಲು ಬರುವುದಿಲ್ಲ.

2.5 ವಾದವಿಲ್ಲದ ಸಂಗತಿ. ಒಂದು ಊರಿನಲ್ಲಿ ಐದು ಮಂದಿ ಬಸಪ್ಪಗಳಿದ್ದರೆ ಗುರುತಿಗೊಂದು ಮಾತು ಬೇಕಾಗುತ್ತದೆ. ಮೆಣಸಿನಕಾಯಿ ಬೆಳೆದು ಅಥವಾ ಮಾರಿ ಜೀವನ ಮಾಡುವವನು ಮೆಣಸಿನಕಾಯಿ ಬಸಪ್ಪನಾಗುತ್ತಾನೆ. ಹಳೆಯ ಮುಂಬಯಿ ಪ್ರಾಂತದ ಕಾಗದಪತ್ರಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಮನೆಗಳಿದ್ದವು. ಮೂರನೆಯ ಮನೆಯನ್ನು ಖಾಲಿ ಬಿಡಬಾರದೆಂದು ಕುಲಕರ್ಣಿಯೋ ಶಾಲೆಯ ಮಾಸ್ತರರೋ ಕೇಳಿದಾಗ, ಊರವರು ಕರೆಯುತ್ತಿದ್ದುದನ್ನೇ ಹೇಳಲಾಯಿತು. ಬರೆದ ಶಾಯಿ ಒಣಗಿತು, ಮನೆತನ ಹುಟ್ಟಿತು. ಇಷ್ಟು ಹೇಳಲು ಐದು ಸಾಲು ಸಾಕು. ಐದು ಸಾಲಿಗೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಡುವುದಿಲ್ಲ.

3. ವರ್ಗೀಕರಣ

ಉತ್ತರ ಕರ್ನಾಟಕದ ಅಡ್ಡಹೆಸರುಗಳನ್ನು ಹನ್ನೆರಡು ವರ್ಗಗಳಾಗಿ, ಪ್ರತಿ ವರ್ಗವನ್ನು ಏಳು ಉಪವರ್ಗಗಳಾಗಿ ವಿಂಗಡಿಸಲಾಗುವುದು.

3.1 ಸ್ಥಲಾಧಿಷ್ಠಿತ: ಊರಿನ ಹೆಸರೇ ಮನೆತನಕ್ಕೆ ಬಂದದ್ದು; ಕಲಬುರ್ಗಿ, ನರಗುಂದ. ಇದರ ಮರಾಠಿ ಸೋದರರು 'ಕರ' ಪ್ರತ್ಯಯದವರು. ಇಂಥ ಹೆಸರು ಅನಾದಿಯಾಗಿರಬೇಕಿಲ್ಲ: ದೀನಾನಾಥ ಮಂಗೇಶಕರರು ಗೋವಾದ ಮಂಗೇಶಿಯಿಂದ ತಮ್ಮ ಅಡ್ಡಹೆಸರನ್ನು ತಾವೇ ಆರಿಸಿಕೊಂಡರು; ಮಗಳು ಲತಾ ಹಾಡಿದ ಮೇಲೆ ಅದು ಯುಗಯುಗಗಳಿಂದ ಇದ್ದಂತೆ ಕೇಳತೊಡಗಿತು.

3.2 ಅಧಿಕಾರಾಧಿಷ್ಠಿತ: ಪಾಟೀಲ, ದೇಸಾಯಿ, ಕುಲಕರ್ಣಿ, ನಾಡಗೌಡ. ಹುದ್ದೆ ಹೋದರೂ ಹೋಗದೆ ಉಳಿದ ಹೆಸರುಗಳು. ಈ ವರ್ಗದವರಿಗೆ ಉಗಮ ಸಂಶೋಧನೆಯ ಅಗತ್ಯ ಕಡಿಮೆ, ಆಸಕ್ತಿ ಹೆಚ್ಚು.

3.3 ವೃತ್ತ್ಯಧಿಷ್ಠಿತ: ಬಡಿಗೇರ, ಕುಂಬಾರ, ಕಮ್ಮಾರ, ಹೂಗಾರ. ಮುಂಬಯಿಯ ಪಾರ್ಸಿಗಳಲ್ಲಿ ಇದೇ ಬಗೆ ಇಂಗ್ಲಿಷಿನಲ್ಲಿ ಬೆಳೆಯಿತು. ಕ್ರಿಕೆಟ್ಟಿನ ಫಾರೂಕ್ ಇಂಜಿನಿಯರ್, ನರಿ ಕಾಂಟ್ರಾಕ್ಟರ್ ಇದಕ್ಕೆ ಸಾಕ್ಷಿ. ಇಂಜಿನಿಯರ್ ಎಂಬ ಹೆಸರಿಗೆ ಯಾರೂ ನಗುವುದಿಲ್ಲ, ಬಡಿಗೇರ ಎಂಬುದಕ್ಕೆ ನಗುವವರಿದ್ದಾರೆ. ಎರಡೂ ಕಟ್ಟುವ ಕೆಲಸಗಳೇ.

3.4 ಗೃಹಾಧಿಷ್ಠಿತ: ಹೊಸಮನಿ, ಹಳೇಮನಿ, ಅಗಸಿಮನಿ. ಹೊಸಮನಿಯವರ ಮನೆ ಎಷ್ಟು ತಲೆಮಾರಿನವರೆಗೆ ಹೊಸದು ಎಂಬುದು ಇತ್ಯರ್ಥವಾಗಿಲ್ಲ.

3.5 ದ್ರವ್ಯಾಧಿಷ್ಠಿತ: ಪ್ರಸ್ತುತ ವಸ್ತು. ಉಪವರ್ಗಗಳು: (ಅ) ಶುಷ್ಕ, (ಆ) ಆರ್ದ್ರ, (ಇ) ಸ್ನಿಗ್ಧ. ತುಪ್ಪದ ಮನೆತನ ಚಳಿಗಾಲದಲ್ಲಿ ಮೊದಲನೆಯದಕ್ಕೂ ಬೇಸಿಗೆಯಲ್ಲಿ ಎರಡನೆಯದಕ್ಕೂ ವಾಲುತ್ತದೆ. ಮೆಣಸಿನಕಾಯಿಯು ಹಸಿಯಾಗಿದ್ದಾಗ (ಆ), ಒಣಗಿದಾಗ (ಅ), ಬಜಿಯಾದಾಗ (ಇ). ಬ್ಯಾಡಗಿಯವರು ಇದನ್ನು ಡಬ್ಬಿ, ಕಡ್ಡಿ ಎಂದು ಎರಡೇ ಮಾತಿನಲ್ಲಿ ವಿಂಗಡಿಸಿ ವ್ಯಾಪಾರ ಮುಗಿಸುತ್ತಾರೆ.

3.6ರಿಂದ 3.12ರವರೆಗಿನ ವರ್ಗಗಳನ್ನು ಕೈಬಿಡಲಾಗಿದೆ. ಅವು ಇದ್ದರೂ ತಿಳಿವಳಿಕೆ ಹೆಚ್ಚುತ್ತಿರಲಿಲ್ಲ, ಪುಟ ಹೆಚ್ಚುತ್ತಿದ್ದವು.

4. ಆವರ್ತನ

ಭಾರತದಲ್ಲಿ ಒಂದು ಅಡ್ಡಹೆಸರು ಎಷ್ಟು ಜನರಿಗಿದೆ ಎಂಬುದಕ್ಕೆ ಅಧಿಕೃತ ಪಟ್ಟಿ ಇಲ್ಲ. ಜನಗಣತಿಯವರು ಮನೆಮನೆಗೆ ಬಂದು ಹೆಸರು ಬರೆದುಕೊಳ್ಳುತ್ತಾರೆ ನಿಜ. ಆದರೆ ಹೆಸರುವಾರು ಎಣಿಕೆ ಪ್ರಕಟವಾಗುವುದಿಲ್ಲ. 1948ರ ಜನಗಣತಿ ಕಾಯ್ದೆಯಂತೆ ವ್ಯಕ್ತಿಗಳ ವಿವರ ಗೋಪ್ಯ. ಹೀಗಿದ್ದೂ 'ಈ ಹೆಸರು ಲಕ್ಷಕ್ಕೆ ಇಷ್ಟು' ಎಂದು ದಶಮಾಂಶ ಸಮೇತ ಹೇಳುವವರಿದ್ದಾರೆ. ಬಿಂದುವಿನ ನಂತರದ ಅಂಕಿಗಳು ಹೆಚ್ಚಿದಷ್ಟೂ ಬಿಂದುವಿಗೆ ಮುಂಚಿನ ಆಧಾರ ಕಡಿಮೆ ಎಂಬುದು ಈ ಕ್ಷೇತ್ರದ ಏಕೈಕ ನಿಯಮ.

ದೂರವಾಣಿ ಡೈರೆಕ್ಟರಿಯನ್ನು ಆಕರವಾಗಿ ಬಳಸುವ ವಿಧಾನ ಹಿಂದೆ ಇತ್ತು. ಅದರಿಂದ ತಿಳಿಯುತ್ತಿದ್ದುದು ಯಾರ ಮನೆಯಲ್ಲಿ ಫೋನಿದೆ ಎಂಬುದು ಮಾತ್ರ.

ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ತೊಡಕು ಇಮ್ಮಡಿಯಾಗುತ್ತದೆ. ನಕಾರದ ನಂತರ 'ಎ' ಹಾಕಬೇಕೆ ಬೇಡವೆ ಎಂಬುದು ಎರಡು ದಾರಿ. ಕೊನೆಗೆ 'ಎಐ', 'ಎವೈಐ', 'ಎಎಐ', 'ಎಎವೈಐ' ಎಂಬುದು ನಾಲ್ಕು. ನಡುವೆ ಜಾಗ ಬಿಡಬೇಕೆ ಬೇಡವೆ ಎಂಬುದು ಮತ್ತೆರಡು. ಒಟ್ಟು 16 ರೂಪ. ಒಂದೇ ತಾಯಿಯ ಇಬ್ಬರು ಮಕ್ಕಳು ಇದರಿಂದ ಎರಡು ಬೇರೆ ಬೇರೆ ಅತಿವಿರಳ ಮನೆತನಗಳಾಗುತ್ತಾರೆ. ಜಾಗ ಬಿಟ್ಟವರ ಪಾಲಿಗೆ 'ಮೆಣಸಿನ' ನಡುಹೆಸರಾಗಿ 'ಕಾಯಿ' ಕೊನೆಯ ಹೆಸರಾಗುತ್ತದೆ. ವಿಮಾನ ನಿಲ್ದಾಣದಲ್ಲಿ "ಮಿಸ್ಟರ್ ಕೈ" ಎಂದು ಕೂಗು ಬರುತ್ತದೆ.

ಹಳೆ ಮೈಸೂರಿನವರ ಪಾಡು ಇನ್ನೊಂದು. ಊರು ಮತ್ತು ತಂದೆಯ ಹೆಸರನ್ನು ಎರಡಕ್ಷರಕ್ಕೆ ಇಳಿಸಿ ಮುಂದಿಟ್ಟುಕೊಂಡ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರೂ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರೂ ಅಡ್ಡಹೆಸರಿಲ್ಲದೆ ಕನ್ನಡವನ್ನು ಬೆಳೆಸಿದರು. ಈಗ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಎಂದು ಬರುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂಬುದರ ಹ್ರಸ್ವರೂಪ. ಹೆತ್ತವರು ನಾಮಕರಣ ಮಾಡಿ ತೊಟ್ಟಿಲು ತೂಗಿದ ಕೂಸು ಕೌಂಟರಿನಲ್ಲಿ ಅನಾಮಿಕವಾಗುತ್ತದೆ.

ಇದರಲ್ಲಿ ನಗುವ ಭಾಗ ಇಲ್ಲಿಗೆ ಮುಗಿಯುತ್ತದೆ. ಒಂದು ಕಾರ್ಡಿನಲ್ಲಿ 'ಎವೈಐ', ಇನ್ನೊಂದರಲ್ಲಿ 'ಎಐ' ಇದ್ದ ಕಾರಣಕ್ಕೆ ಪಿಂಚಣಿ ನಿಲ್ಲುತ್ತದೆ, ಅಂಕಪಟ್ಟಿ ವಾಪಸಾಗುತ್ತದೆ, ಸತ್ತವನ ಹೊಲ ಹೆಂಡತಿಯ ಹೆಸರಿಗೆ ಬರುವುದಿಲ್ಲ. ಅಫಿಡವಿಟ್ಟು, ಪತ್ರಿಕೆಯಲ್ಲಿ ಪ್ರಕಟಣೆ, ಗೆಜೆಟ್ ಎಂದು ಅಲೆದಾಟ. ತಪ್ಪು ಬರೆದವನಿಗೆ ದಂಡವಿಲ್ಲ. ಬರೆಸಿಕೊಂಡವನಿಗೆ ಛಾಪಾಕಾಗದದ ಖರ್ಚು.

5. ತೀಕ್ಷ್ಣತಾ ಮಾಪನ

1912ರಲ್ಲಿ ಅಮೆರಿಕದ ಔಷಧಶಾಸ್ತ್ರಜ್ಞ ವಿಲ್ಬರ್ ಸ್ಕೋವಿಲ್ ಮೆಣಸಿನಕಾಯಿಯ ಖಾರ ಅಳೆಯುವ ಮಾಪಕವೊಂದನ್ನು ರೂಪಿಸಿದರು. ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುವಾಗಿಸುತ್ತ ಹೋಗಿ, ರುಚಿ ನೋಡುವವರಿಗೆ ಖಾರ ಹತ್ತದಂತಾಗಲು ಎಷ್ಟು ಪಾಲು ಬೇಕಾಯಿತೆಂದು ಲೆಕ್ಕ ಹಾಕುವ ಕ್ರಮ ಅದು. ಬ್ಯಾಡಗಿಯದಕ್ಕೆ ಈ ಮಾಪಕದಲ್ಲಿ ಅಂಕ ಹೆಚ್ಚಿಲ್ಲ. ಬಣ್ಣ ಜಾಸ್ತಿ, ಖಾರ ಕಡಿಮೆ. ವಿಚಾರಸಂಕಿರಣದ ಪ್ರಬಂಧಗಳಲ್ಲೂ ಈ ಲಕ್ಷಣ ಕಂಡುಬರುತ್ತದೆ.

ಅಡ್ಡಹೆಸರಿನ ತೀಕ್ಷ್ಣತೆ ಅಳೆಯುವ ಪ್ರಯೋಗಶಾಲೆ ಎಂದರೆ ಬಾಡಿಗೆ ಮನೆಯ ಹೊಸ್ತಿಲು. ಬಂದವರು ಹೆಸರು ಹೇಳುತ್ತಾರೆ. ಮಾಲೀಕರು "ಪೂರ್ತಿ ಹೆಸರು?" ಎನ್ನುತ್ತಾರೆ. ಪಾಟೀಲ, ಕುಲಕರ್ಣಿ ಎಂದರೆ ಅವರ ಮನಸ್ಸಿನಲ್ಲಿ ಲೆಕ್ಕ ಕೂಡುತ್ತದೆ. ಮೆಣಸಿನಕಾಯಿ ಎಂದರೆ ಕೂಡುವುದಿಲ್ಲ. ಸರಕು ಯಾರ ಅಂಗಡಿಯಲ್ಲೂ ಇರಬಹುದು. ಆಗ ಪ್ರಶ್ನಾವಳಿ ಮುಂದುವರಿಯುತ್ತದೆ: "ಯಾವ ಕಡೆಯೋರು?" "ಮನೆದೇವ್ರು ಯಾವುದು?" "ಊಟ ಏನು, ವೆಜ್ಜೇ ತಾನೆ?" ಈ ಮೂರೂ ಒಂದೇ ಪ್ರಶ್ನೆ. ನೇರ ಕೇಳಲು ನಾಚಿಕೆ ಇರುವುದರಿಂದ ಮೂರಾಗಿ ಒಡೆದಿದೆ. ಆ ನಾಚಿಕೆ ಬಾಯಿಗಷ್ಟೇ ಸೀಮಿತ, ನಡತೆಗೆ ಇಳಿದಿಲ್ಲ. ಉತ್ತರ ಹಿಡಿಸದಿದ್ದರೆ ಮನೆ ನಿನ್ನೆಯೇ ಬೇರೆಯವರಿಗೆ ಆಗಿರುತ್ತದೆ. ಬಾಗಿಲ ಮೇಲಿನ 'ಮನೆ ಬಾಡಿಗೆಗಿದೆ' ಫಲಕ ಮಾತ್ರ ಮುಂದಿನ ತಿಂಗಳೂ ತೂಗುತ್ತಿರುತ್ತದೆ.

ಅಡ್ಡಹೆಸರಿನ ಉಗಮಶಾಸ್ತ್ರ ಎಂದು ಕೋಟು ಹಾಕಿಕೊಂಡು ವೇದಿಕೆ ಏರುವುದು ಬಹುಪಾಲು ಇದೇ ಹೊಸ್ತಿಲಿನ ಪ್ರಶ್ನೆ. 'ಮೂಲ ಯಾವುದು' ಎಂದು ಅಡಿಟಿಪ್ಪಣಿ ಸಮೇತ ಕೇಳಿದರೂ ಕೇಳುತ್ತಿರುವುದು 'ನೀನು ಯಾರ ಪೈಕಿ' ಎಂದೇ. ಮೆಣಸಿನಕಾಯಿಗೆ ಋಷಿಮೂಲ ಹುಡುಕುವವರು ಆ ಮನೆತನವನ್ನು ಗೌರವಿಸುತ್ತಿಲ್ಲ. ಮೆಣಸಿನಕಾಯಿ ಮಾರಿ ಬದುಕಿದ ಅಜ್ಜ ಗೌರವಕ್ಕೆ ಸಾಲಲಿಲ್ಲ ಎಂದು ಹೇಳುತ್ತಿದ್ದಾರೆ.

6. ವಂಶವೃಕ್ಷದ ಹೊರಗೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕೆಲಸದ ಹೆಸರು ವ್ಯಕ್ತಿಯ ಹೆಸರಿಗಿಂತ ಮುಂದೆ ನಿಂತಿತ್ತು: ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಅಕ್ಕಿ ಆಯುವುದು ಮುಚ್ಚಿಡಬೇಕಾದ ಸಂಗತಿ ಎಂದು ಲಕ್ಕಮ್ಮನಿಗೆ ಅನಿಸಲಿಲ್ಲ. ಈಗ ಅದೇ ಕಸುಬು ಹೆಸರಿನ ಬಾಲಕ್ಕೆ ಬಂದಿದೆ. ಶಹರದ ಶಾಲೆಯಲ್ಲಿ ಮಕ್ಕಳು ನಗುತ್ತಾರೆಂದು ಅಪ್ಪಂದಿರು ಅದನ್ನು ಒಂದಕ್ಷರಕ್ಕೆ ಕತ್ತರಿಸುತ್ತಾರೆ.

ಸ್ಮರಣ ಸಂಚಿಕೆಯ ವಂಶವೃಕ್ಷಗಳಲ್ಲಿ ಕೊಂಬೆಗಳೆಲ್ಲ ಗಂಡಸರದು. ಹೆಣ್ಣುಮಕ್ಕಳು ಇನ್ನೊಂದು ಮನೆಯ ಹೆಸರಿಗೆ ಹೋದರೆಂದು ಈ ಮರದಿಂದ ಉದುರುತ್ತಾರೆ. ಆ ಮನೆಯ ಮರದಲ್ಲಿ 'ಧರ್ಮಪತ್ನಿ' ಎಂದಷ್ಟೇ ಇರುತ್ತಾರೆ. ಬ್ಯಾಡಗಿಯಲ್ಲಿ ರಾಶಿಯ ಮುಂದೆ ಕೂತು ದಿನವಿಡೀ ತೊಟ್ಟು ಬಿಡಿಸುವವರು ಹೆಂಗಸರು. ಆ ಘಾಟಿಗೆ ಕಣ್ಣು, ಮೂಗು, ಅಂಗೈ ಉರಿಯುತ್ತವೆ. ಸಂಜೆ ಮನೆಗೆ ಹೋಗಿ ಕೂಸಿನ ಮುಖ ಮುಟ್ಟಲು ಯೋಚಿಸಬೇಕಾಗುತ್ತದೆ. ಮೆಣಸಿನಕಾಯಿ ಎಂಬ ಹೆಸರನ್ನು ದುಡಿದು ಪಡೆದವರು ಯಾರಾದರೂ ಇದ್ದರೆ ಇವರು. ಇವರಿಗೆ ಆ ಅಡ್ಡಹೆಸರಿಲ್ಲ, ಇವರ ಮನೆತನದ ಮೂಲವನ್ನು ಯಾವ ಸಂಚಿಕೆಯೂ ಹುಡುಕಿಲ್ಲ, ಇವರ ಹೆಸರು ಬರುವುದು ಕೂಲಿಯ ಲೆಕ್ಕದಲ್ಲಿ.

7. ನಿರ್ಣಯ

ಮೆಣಸಿನಕಾಯಿ ಎಂಬ ಅಡ್ಡಹೆಸರಿನ ಮೂಲ ಮೆಣಸಿನಕಾಯಿ. ಕಾಲ, ಹದಿನಾರನೆಯ ಶತಮಾನದ ಈಚೆ. ಆವರ್ತನವನ್ನು ಯಾರೂ ಎಣಿಸಿಲ್ಲ. ಎಣಿಸಿ ಆಗಬೇಕಾದದ್ದೂ ಇಲ್ಲ. ಹೆಸರನ್ನು ಬರೆದುಕೊಳ್ಳುವ ಗುಮಾಸ್ತರು ಹೇಳಿದಂತೆಯೇ ಬರೆದರೆ ಈ ಶಾಸ್ತ್ರದ ಅರ್ಧ ಸಮಸ್ಯೆ ತೀರುತ್ತದೆ. ಮನೆ ಬಾಡಿಗೆಗೆ ಕೊಡುವವರು ಮುಂಗಡ ಎಷ್ಟು, ನೀರು ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನು ಮಾತ್ರ ಹೇಳಿ ಬೀಗದಕೈ ಕೊಟ್ಟರೆ ಉಳಿದರ್ಧವೂ ತೀರುತ್ತದೆ.